ಸೋಮವಾರದ ಬೆಳ್ಳಿ

ಹುಣಸೆಹಣ್ಣು ಸಾರಿನಲ್ಲಿದ್ದರೆ ನನ್ನ ತಕರಾರಿಲ್ಲ. ಬೆಳ್ಳಿ ನಾಣ್ಯದ ಮೇಲೆ ಬಿದ್ದರೆ ಮಾತ್ರ ನನ್ನ ರಕ್ತ ಕುದಿಯುತ್ತದೆ. ಹುಣಸೆಹಣ್ಣೊಂದೇ ಅಲ್ಲ, ನಿಂಬೆಹಣ್ಣು, ಪಾತ್ರೆ ತಿಕ್ಕುವ ಸಬೀನಾ ಪುಡಿ, ಟೂತ್‌ಪೇಸ್ಟು, ಒಲೆಯ ಬೂದಿ ಎಲ್ಲವೂ ನನ್ನ ಶತ್ರುಗಳೇ. ಶನಿವಾರಸಂತೆಯಲ್ಲಿ ಒಂದು ಕಾಲಕ್ಕೆ ಮೆಣಸು, ಏಲಕ್ಕಿ ವ್ಯಾಪಾರವೆಂದರೆ ನನ್ನದೇ. ಈಗ ಅಂಗಡಿಯನ್ನು ಮಗ ನಿರಂಜನ್ ನೋಡಿಕೊಳ್ಳುತ್ತಾನೆ. ಆದರೂ ಸಂತೆಯ ದಿನ ಮೂಲೆಯ ಕುರ್ಚಿ ನನಗೆ ಮೀಸಲು. ಮೆಣಸಿನ ಚೀಲ ಇಳಿಸಿದವರು ಯಾರಾದರೂ ಸೆರಗಿನ ಗಂಟು ಬಿಚ್ಚಿ, "ಸೌಕಾರ್ರೇ, ಇದೊಂದು ಹಳೇ ರೂಪಾಯಿ ನೋಡಿ" ಎಂದರೆ, ಮೆಣಸನ್ನು ಮಗನಿಗೆ ಬಿಟ್ಟು ನಾನು ಭೂತಗನ್ನಡಿ ತೆಗೆಯುತ್ತೇನೆ. ಊರಿನಲ್ಲಿ ನನ್ನನ್ನು ರೂಪಾಯಿ ಸಿದ್ದಬಸಪ್ಪ ಅನ್ನುತ್ತಾರೆ. ಬೆನ್ನ ಹಿಂದೆ ಇನ್ನೇನೋ ಅನ್ನುತ್ತಾರಂತೆ, ಅದು ಬೇಡ ಬಿಡಿ.

ಹೋದ ದೀಪಾವಳಿ ಕಳೆದ ಮೇಲೆ ಕುಶಾಲನಗರದ ಕಡೆಯ ಪುಟ್ಟಸ್ವಾಮಿ ಎಂಬ ರೈತ ಎರಡು ರೂಪಾಯಿ ತಂದಿದ್ದ. ಎರಡರಲ್ಲೂ ಅದೇ ವಿಕ್ಟೋರಿಯಾ ರಾಣಿ, ಅದೇ ಇಸವಿ. ಅವನ ಅಜ್ಜಿಯ ಪೆಟ್ಟಿಗೆಯಲ್ಲಿ ಒಟ್ಟಿಗೇ ಇದ್ದವಂತೆ. ಆದರೆ ಒಂದು ಹೊಗೆ ಹಿಡಿದಂತೆ ಕಪ್ಪಗಿತ್ತು, ಇನ್ನೊಂದು ಹೊಸ ಸ್ಟೀಲ್ ಚಮಚದ ಹಾಗೆ ಫಳಫಳ ಅನ್ನುತ್ತಿತ್ತು.

"ಇದಕ್ಕೇನು ಮಾಡಿದೆ?" ಎಂದೆ.

"ನಮ್ಮೆಂಗಸ್ರು ಹುಣಸೆಹಣ್ಣಾಕಿ ತಿಕ್ಕವ್ರೆ ಸೌಕಾರ್ರೇ. ಕೊಳೆ ಇದ್ರೆ ಬೆಲೆ ಇಳಿಸ್ತೀರಾ ಅಂತ. ಇನ್ನೊಂದು ತಿಕ್ಕಾಕೆ ಟೈಮ್ ಸಿಗ್ನಿಲ್ಲ, ಬೇಜಾರು ಮಾಡ್ಕೋಬೇಡಿ."

ನಾನು ಭೂತಗನ್ನಡಿಯನ್ನು ಅವನ ಕೈಗೇ ಕೊಟ್ಟೆ. ತಿಕ್ಕಿದ ರೂಪಾಯಿಯಲ್ಲಿ ರಾಣಿಯ ಕೆನ್ನೆ ತುಂಬ ಕೂದಲೆಳೆಯಂಥ ಗೀರುಗಳು. ಟಂಕಸಾಲೆಯ ಅಚ್ಚು ಬಿದ್ದಾಗ ಬೆಳ್ಳಿಯ ಮೈಗೆ ಒಂದು ಮಿಂಚು ಬಂದಿರುತ್ತದೆ, ಅದು ಪೂರ್ತಿ ಮಾಯ. ಕಪ್ಪು ರೂಪಾಯಿಯಲ್ಲಿ ಅದು ಕಪ್ಪಿನ ಕೆಳಗೆ ಹಾಗೇ ಉಳಿದಿತ್ತು. "ಕಪ್ಪಗಿರೋದಕ್ಕೆ ಇದರ ಎರಡರಷ್ಟು ಕೊಡ್ತೀನಿ" ಎಂದಾಗ ಪುಟ್ಟಸ್ವಾಮಿ ನನ್ನನ್ನು ಬಿಟ್ಟು ನಿರಂಜನನ ಮುಖ ನೋಡಿದ. ನಿಮ್ಮಪ್ಪನಿಗೆ ತಲೆ ನೆಟ್ಟಗಿದೆಯಾ ಎಂದು ಕೇಳುವ ನೋಟ ಅದು.

"ತೊಳೆದೋರ್ಗೆ ದಂಡವಾ ಸೌಕಾರ್ರೇ?"

"ದಂಡವೇ" ಎಂದೆ.

ವಯಸ್ಸಾದ ರೂಪಾಯಿಗೆಲ್ಲ ಬೆಲೆ ಹೆಚ್ಚು ಎಂದು ಜನ ನಂಬಿದ್ದಾರೆ. ನಾನು ಮೊದಲು ನೋಡುವುದು ನಾಣ್ಯದ ಮೈ. ಕೈಯಿಂದ ಕೈಗೆ ಹೋಗಿ ರಾಜನ ಗಡ್ಡ ಸವೆದಿದೆಯೇ, ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೇ, ಬೆಳ್ಳಿ ಅಸಲಿಯೇ ಎಂದು ಯಾವನೋ ಅಂಚು ಕೆತ್ತಿದ್ದಾನೆಯೇ, ಕೊನೆಗೆ ಯಾರಾದರೂ ಮಹಾತಾಯಿ ಹಬ್ಬಕ್ಕೆಂದು ಉಜ್ಜಿದ್ದಾಳೆಯೇ. ಸವೆತವನ್ನು ನಾನು ಕ್ಷಮಿಸುತ್ತೇನೆ. ರೂಪಾಯಿ ಹುಟ್ಟಿದ್ದೇ ಓಡಾಡುವುದಕ್ಕೆ. ಉಜ್ಜುವುದನ್ನು ಮಾತ್ರ ನನ್ನಿಂದ ಕ್ಷಮಿಸಲು ಆಗುವುದಿಲ್ಲ.

ಇಂಥವನಿಗೆ ಶಿವ ಎಂಥ ಹೆಂಡತಿಯನ್ನು ಕೊಟ್ಟ ನೋಡಿ. ಚನ್ನಬಸಮ್ಮ ಹುಟ್ಟಿರುವುದೇ ಉಜ್ಜಲಿಕ್ಕೆ. ಸೋಮವಾರ ಬಂತೆಂದರೆ ದೇವರ ಮನೆಯ ಬೆಳ್ಳಿಯೆಲ್ಲ ಕೆಳಗಿಳಿಯಬೇಕು. ದೀಪ, ಬಟ್ಟಲು, ತಂಬಿಗೆ, ನಮ್ಮ ತಾತನ ಇಷ್ಟಲಿಂಗದ ಕರಡಿಗೆ, ಎಲ್ಲವನ್ನೂ ಬಿಳಿ ಬಟ್ಟೆಯ ಮೇಲೆ ಹರಡಿ, ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಒದ್ದೆ ಬಟ್ಟೆಗೆ ಹಚ್ಚಿ ಉಜ್ಜುತ್ತಾಳೆ. ಮದುವೆಯಾದ ಹೊಸದರಲ್ಲೇ ನಮ್ಮಿಬ್ಬರ ನಡುವೆ ಒಪ್ಪಂದವಾಗಿತ್ತು. ದೇವರ ಮನೆಯ ಬೆಳ್ಳಿ ಅವಳದು, ಬೀರುವಿನೊಳಗಿನ ಬೆಳ್ಳಿ ನನ್ನದು. ನನ್ನ ನಾಣ್ಯಗಳನ್ನು ಅವಳು "ನಿಮ್ಮ ಕರಿ ಬಿಲ್ಲೆ" ಎನ್ನುತ್ತಿದ್ದಳೇ ಹೊರತು ಒಂದು ದಿನವೂ ಏನು, ಯಾವುದು ಎಂದು ಕೇಳಿದವಳಲ್ಲ. ನಾನು ಹೇಳಲು ಬಾಯಿ ತೆಗೆದರೆ ಅವಳಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು.

ಅವಳ ಎಡಗಣ್ಣು ಹುಡುಗಿಯಾಗಿದ್ದಾಗಲೇ ಕಣದಲ್ಲಿ ಭತ್ತದ ಹುಲ್ಲು ಚುಚ್ಚಿ ಹೋಗಿತ್ತು. ಇಷ್ಟು ಕಾಲ ಸಂಸಾರ ನಡೆಸಿದ್ದು ಬಲಗಣ್ಣೊಂದರಲ್ಲೇ. ಆ ಕಣ್ಣಿಗೂ ಪೊರೆ ಬಂತು. ಮೈಸೂರಿನ ಆಸ್ಪತ್ರೆ ಎಂದರೆ ಇಂದು ನಾಳೆ ಎಂದು ತಳ್ಳಿದಳು. ಅಕ್ಕಿಯಲ್ಲಿ ಕಲ್ಲು ಕಾಣುವುದು ನಿಂತಿತು, ಆಮೇಲೆ ಮೊಮ್ಮಗಳ ಮುಖ ಮಸುಕಾಯಿತು, ಸೋಮವಾರದ ಕೆಲಸವೂ ನಿಂತಿತು. ಸೊಸೆ ವಿನುತಾ, "ನಾನು ಉಜ್ತೀನಿ ಬಿಡಿ ಅತ್ತೆ" ಎಂದರೆ ಒಪ್ಪಲಿಲ್ಲ. ದೇವರ ಮನೆಯ ಬೆಳ್ಳಿ ನಿಧಾನವಾಗಿ ನನ್ನ ನಾಣ್ಯಗಳ ಬಣ್ಣಕ್ಕೆ ತಿರುಗಿತು. ಬೇರೆ ಸಮಯವಾಗಿದ್ದರೆ ನಾನು ಚೇಷ್ಟೆ ಮಾಡಿ ನಗುತ್ತಿದ್ದೆ.

ಕೊನೆಗೂ ಮೈಸೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಪಟ್ಟಿ ಬಿಚ್ಚಿದರೆ ಮುಂದೆ ಬರೀ ಮಂಜು. ಡಾಕ್ಟರು ಒಳ್ಳೆಯ ಮನುಷ್ಯ, ಮುಚ್ಚಿಡದೆ ಹೇಳಿದರು. "ಪೊರೆ ತುಂಬಾ ಬಲಿತಿತ್ತು. ಈಗ ಕಣ್ಣಿನ ಮುಂದಿನ ಪದರ ಊದಿಕೊಂಡಿದೆ. ಒಂದೂವರೆ ತಿಂಗಳು ಡ್ರಾಪ್ಸ್ ಹಾಕಿ. ಊತ ಇಳಿದರೆ ಸರಿ. ಇಳಿಯದಿದ್ದರೆ ನೇತ್ರದಾನದಲ್ಲಿ ಬಂದ ಪದರ ಹಾಕಬೇಕಾಗುತ್ತೆ. ಅದು ಹಿಡಿದೇ ಹಿಡಿಯುತ್ತೆ ಅಂತ ಹೇಳೋಕಾಗಲ್ಲ."

ಅಂದಿನಿಂದ ಅವಳು ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಳು. ಡ್ರಾಪ್ಸ್ ಹಾಕುವುದು ನನ್ನ ಕೆಲಸ. ಹಾಕಿದ ಮೇಲೆ ಪ್ರತಿ ಸಲ "ಏನಾದ್ರೂ ಕಾಣ್ತಾ?" ಎನ್ನುತ್ತಿದ್ದೆ. "ಬೆಳಕು ಕಾಣುತ್ತೆ" ಎನ್ನುತ್ತಿದ್ದಳು. ಕಾಫಿ ಲೋಟ ಮುಂದಿಟ್ಟರೆ ಅವಳ ಕೈ ಅದನ್ನು ಹುಡುಕುತ್ತಾ ಸ್ಟೂಲಿನ ಮೇಲೆ ಹರಿದಾಡುತ್ತಿತ್ತು. ನಾನು ನೋಡಲಾರದೆ ಅಂಗಡಿಗೆ ಹೋಗುತ್ತಿದ್ದೆ, ಅಲ್ಲಿ ಕೂರಲಾರದೆ ವಾಪಸು ಬರುತ್ತಿದ್ದೆ.

ಎರಡನೇ ಆಪರೇಷನ್ನಿಗೆ ಹಣ ಹೊಂದಿಸುತ್ತೇನೆ ಎಂದ ನಿರಂಜನ್. ನಾನು ಬೇಡವೆಂದೆ. ಸಂಸಾರದ ದುಡ್ಡಿನಲ್ಲಿ ಎಷ್ಟೋ ಭಾಗ ಆ ಕರಿ ಬಿಲ್ಲೆಗಳಿಗೆ ಸುರಿದಾಗ ಅವಳು ಒಂದು ಮಾತು ಆಡಿದವಳಲ್ಲ. ಅವಳ ಕಣ್ಣಿಗೆ ಆ ಬಿಲ್ಲೆಯೇ ಖರ್ಚಾಗಲಿ ಎಂದು ತೀರ್ಮಾನಿಸಿದೆ. ನನ್ನಲ್ಲಿ ಇರುವುದರಲ್ಲಿ ಎಲ್ಲಕ್ಕಿಂತ ಚಂದದ ನಾಣ್ಯ ಸಾವಿರದ ಒಂಬೈನೂರ ಹನ್ನೊಂದರ ಐದನೇ ಜಾರ್ಜ್ ರೂಪಾಯಿ. ಚೆಟ್ಟಳ್ಳಿಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಕುಟ್ಟಪ್ಪ ಅದನ್ನು ನನಗೆ ಕೊಟ್ಟಿದ್ದರು. ಅವರ ತಾತ ಹೊಸ ರೂಪಾಯಿ ಬಂದ ದಿನವೇ ಒಂದನ್ನು ಹತ್ತಿಯಲ್ಲಿ ಸುತ್ತಿ ಮಾತ್ರೆಯ ಡಬ್ಬಿಗೆ ಹಾಕಿಟ್ಟರಂತೆ. ಯಾರ ಬೆರಳೂ ತಾಗಿಲ್ಲ. ರಾಜನ ಕಿರೀಟದ ಒಂದೊಂದು ಮುತ್ತೂ ಚೂಪಾಗಿತ್ತು. ಅಂಚಿನಲ್ಲಿ ತಾನಾಗಿ ಹಿಡಿದ ನೀಲಿ, ಅದರೊಳಗೆ ನೇರಳೆ, ನಡುವೆ ಜೇನಿನ ಬಣ್ಣ. ಮನುಷ್ಯ ಎಷ್ಟು ದುಡ್ಡು ಕೊಟ್ಟರೂ ಆ ಬಣ್ಣ ಹಾಕಲು ಆಗುವುದಿಲ್ಲ, ನೂರು ವರ್ಷ ಸುಮ್ಮನೆ ಬಿಟ್ಟರೆ ಮಾತ್ರ ಬರುತ್ತದೆ.

ಹಾಸನದ ನಾಣ್ಯದ ವ್ಯಾಪಾರಿ ರೇಣುಕಪ್ರಸಾದ್ ಆ ರೂಪಾಯಿಗಾಗಿ ಬಹಳ ದಿನಗಳಿಂದ ನನ್ನ ಬೆನ್ನು ಬಿದ್ದಿದ್ದರು. ಫೋನ್ ಮಾಡಿದೆ. ಅವರು ಹೇಳಿದ ಬೆಲೆ ಆಪರೇಷನ್ನಿಗೆ ಬಹುಪಾಲು ಸಾಕಾಗುತ್ತಿತ್ತು. "ಮಂಗಳವಾರ ನಾನೇ ಬರ್ತೀನಿ. ದಯವಿಟ್ಟು ಅದನ್ನ ಒರೆಸೋದು ಗಿರಿಸೋದು ಮಾಡ್ಬೇಡಿ" ಎಂದರು. ನನಗೆ ಹೇಳುವ ಮಾತೇ ಅದು! ಸಿಟ್ಟು ಬಂದರೂ ನುಂಗಿಕೊಂಡೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಚಿನ್ನ ಬೆಳ್ಳಿ ಏನೇ ಮನೆಯಿಂದ ಹೊರಗೆ ಹೋಗುವುದಿದ್ದರೂ, ಮಾರುವುದಕ್ಕಾಗಲಿ ಉಡುಗೊರೆಗಾಗಲಿ, ಅದಕ್ಕೆ ಮೊದಲು ಒಂದು ದಿನ ದೇವರ ಮುಂದೆ ಇರಬೇಕು. ಇಲ್ಲದಿದ್ದರೆ ಮನೆಯ ಲಕ್ಷ್ಮಿ ಮುನಿಯುತ್ತಾಳೆ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಅದರಂತೆ ಭಾನುವಾರ ಸಂಜೆ ಡಬ್ಬಿಯಿಂದ ರೂಪಾಯಿ ತೆಗೆದು, ಅಂಚು ಮಾತ್ರ ಹಿಡಿದು, ಬೆಳ್ಳಿ ಬಟ್ಟಲಿನಲ್ಲಿ ಹತ್ತಿಯ ಮೇಲೆ ಇಟ್ಟು ಕೈ ಮುಗಿದೆ. "ಒಂದು ರೂಪಾಯಿ ಕೊಡೋದಿದೆ, ದೇವರ ಮುಂದೆ ಇಟ್ಟಿದ್ದೀನಿ" ಎಂದು ಜಗಲಿಯಲ್ಲಿದ್ದ ಚನ್ನಬಸಮ್ಮನಿಗೆ ಹೇಳಿದೆ. ಯಾರಿಗೆ, ಯಾಕೆ ಎಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬ್ಯಾಂಕಿನ ಕೆಲಸಕ್ಕೆಂದು ಸೋಮವಾರಪೇಟೆಗೆ ಹೋದೆ. ಬಸ್ಸಿನಲ್ಲಿ ಕೂತಾಗಲೂ ನನಗೆ ವಾರ ಯಾವುದು ಎಂದು ಹೊಳೆಯಲಿಲ್ಲ. ಊಟದ ಹೊತ್ತಿಗೆ ಮನೆಗೆ ಬಂದರೆ ವಿನುತಾ ಬಾಗಿಲಲ್ಲೇ ನಿಂತಿದ್ದಳು.

"ಮಾವ, ಅತ್ತೆ ದೇವ್ರ ಮನೇಲಿದಾರೆ. ನಾನು ಹಿತ್ತಲಲ್ಲಿ ಬಟ್ಟೆ ಒಗೀತಿದ್ದೆ, ನಂಗೆ ಗೊತ್ತೇ ಆಗ್ಲಿಲ್ಲ" ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಬಿದ್ದಳೋ ಏನೋ ಎಂದುಕೊಂಡೆ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿದೆ. ಚನ್ನಬಸಮ್ಮ ಬಿದ್ದಿರಲಿಲ್ಲ. ಕಿಟಕಿಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮುಂದೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ದೀಪ, ತಂಬಿಗೆ, ಕರಡಿಗೆ, ಬಟ್ಟಲು ಎಲ್ಲವೂ ಮಿರಮಿರ ಮಿಂಚುತ್ತಿದ್ದವು. ಪಕ್ಕದಲ್ಲಿ ವಿಭೂತಿ ಪುಡಿ. ಅವಳ ಬೆರಳುಗಳ ನಡುವೆ ಐದನೇ ಜಾರ್ಜ್.

ನೀಲಿ ಇಲ್ಲ, ನೇರಳೆ ಇಲ್ಲ, ಜೇನೂ ಇಲ್ಲ. ಬೆಳ್ಳಗೆ, ಪುಟ್ಟಸ್ವಾಮಿಯ ರೂಪಾಯಿಯ ಹಾಗೆ ಹಲ್ಲು ಕಿರಿಯುತ್ತಿತ್ತು.

ನಾನು ಏನೇನು ಕೂಗಿದೆನೋ ನನಗೆ ಪೂರ್ತಿ ನೆನಪಿಲ್ಲ. "ಯಾರೇ ನಿಂಗೆ ಮುಟ್ಟು ಅಂದಿದ್ದು? ನೂರು ವರ್ಷದ್ದನ್ನ ಹಾಳು ಮಾಡಿಬಿಟ್ಟೆಯಲ್ಲೇ! ಹೋಯ್ತು, ಎಲ್ಲಾ ಹೋಯ್ತು!" ಎಂದದ್ದು ಮಾತ್ರ ನೆನಪಿದೆ. ವಿನುತಾ ಬಾಗಿಲಲ್ಲೇ ತಲೆ ತಗ್ಗಿಸಿದಳು. ಚನ್ನಬಸಮ್ಮ ಹೆದರಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಕಪ್ಪು ಕನ್ನಡಕ ನೆತ್ತಿಯ ಮೇಲಿತ್ತು. ರೂಪಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿನ ಹತ್ತಿರ ತಂದು, ದೂರ ಮಾಡಿ, ಮತ್ತೆ ಹತ್ತಿರ ತಂದು ನೋಡುತ್ತಿದ್ದಳು.

"ರೀ, ಒಂದ್ನಿಮಿಷ ಸುಮ್ನಿರಿ" ಎಂದಳು. "ಈ ರಾಜನ ಎದೆ ಮೇಲೆ ಹಂದಿ ಯಾಕೆ ಕೂತಿದೆ?"

"ಏನಂದೆ?"

"ಹಂದಿ ಕಣ್ರೀ. ಎದೆ ಮೇಲೆ ಸರ ಹಾಕ್ಕೊಂಡಿದಾನಲ್ಲ, ಅದರ ಕೆಳಗೆ. ಕಾಲು ಗಿಡ್ಡ, ಮೂತಿ ಉದ್ದ. ನಮ್ಮ ಗೆಣಸಿನ ಪಾತಿ ಅಗೆಯೋಕೆ ಬರುತ್ತಲ್ಲ, ಅಂಥದ್ದೇ."

ಅದು ಹಂದಿಯಲ್ಲ, ಆನೆ. ಐದನೇ ಜಾರ್ಜ್ ಪಟ್ಟಕ್ಕೆ ಬಂದಾಗ ಅವನ ನಿಲುವಂಗಿಯ ಮೇಲೆ ಒಂದು ಆನೆಯನ್ನು ಕೆತ್ತಿದ್ದರು. ಸೊಂಡಿಲು ಗಿಡ್ಡವಾಗಿ ಅದು ಹಂದಿಯ ಹಾಗೆ ಕಂಡಿತು. ರಾಜ ಹಂದಿಯನ್ನು ತೊಟ್ಟಿದ್ದಾನೆ ಎಂದು ಜನರ ಮನಸ್ಸು ನೊಂದು ಗಲಾಟೆಯಾಯಿತು. ಸರ್ಕಾರ ಆ ರೂಪಾಯಿಯನ್ನು ಹಿಂದಕ್ಕೆ ತೆಗೆದುಕೊಂಡು, ಮಾರನೆಯ ವರ್ಷ ಆನೆಯನ್ನು ತಿದ್ದಿ ಹೊಸ ಅಚ್ಚು ಹಾಕಿತು. ಅದಕ್ಕೇ ಆ ಒಂದು ವರ್ಷದ ರೂಪಾಯಿ ಎಂದರೆ ನಮ್ಮಂಥವರಿಗೆ ಪ್ರಾಣ. ಇದನ್ನು ನಾನು ಚನ್ನಬಸಮ್ಮನಿಗೆ ಹೇಳಿದವನಲ್ಲ, ಅವಳು ಕೇಳಿದವಳಲ್ಲ. ಆ ಪ್ರಾಣಿ ಇರುವುದು ಎಳ್ಳು ಕಾಳಿಗಿಂತ ಸ್ವಲ್ಪ ದೊಡ್ಡದು. ನಾನೇ ಭೂತಗನ್ನಡಿ ಇಲ್ಲದೆ ಅದನ್ನು ನೋಡಲಾರೆ.

ಅಲ್ಲೇ ನೆಲದ ಮೇಲೆ ಕುಸಿದು ಕೂತೆ. "ಚನ್ನಿ, ಕಾಣುತ್ತೇನೇ ನಿಂಗೆ?" ಎಂದೆ.

"ಕಾಣುತ್ತೆ" ಎಂದಳು ಮೆಲ್ಲಗೆ. "ಮೂರ್ನಾಲ್ಕು ದಿನದಿಂದ ತಿಳಿಯಾಗ್ತಾ ಬಂತು. ಮೊದಲು ಕಿಟಕಿ ಸರಳು ಕಂಡ್ವು. ಆಮೇಲೆ ವಿನುತಾ ಸೀರೆ ಹೂವು. ಹೇಳಿದ್ರೆ ಎಲ್ಲಿ ದೃಷ್ಟಿಯಾಗಿ ಮತ್ತೆ ಮಂಜಾಗುತ್ತೋ ಅಂತ ಹೆದರಿಕೆ. ಮೈಸೂರು ಡಾಕ್ಟ್ರೇ ಹೇಳ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ. ಇವತ್ತು ಸೋಮವಾರ ನೋಡಿ. ಶಿವ ಕಣ್ಣು ಕೊಟ್ಟ ಮೇಲೆ ಅವನ ಬೆಳ್ಳಿ ಕರ್ರಗಿದ್ರೆ ಚೆನ್ನಾಗಿರುತ್ತಾ? ನಿಮ್ಮ ರೂಪಾಯೀನೂ ಅಲ್ಲೇ ಇತ್ತು. ಯಾರಿಗೋ ಕೊಡೋದು ಅಂದ್ರಿ. ನಮ್ಮ ಮನೆಯಿಂದ ಹೋಗೋ ಬೆಳ್ಳಿ ಕೊಳಕಾಗಿ ಹೋಗ್ಬಾರ್ದು ಅಂತ ಅದನ್ನೇ ಜಾಸ್ತಿ ಉಜ್ಜಿದೆ."

ನನಗೆ ಅಳು ಬಂತು. ಸೊಸೆ ನಿಂತಿದ್ದಾಳೆ ಎಂದೂ ನೋಡದೆ ಅತ್ತುಬಿಟ್ಟೆ. ಶಿವನಿಗೆ, ಆ ಡಾಕ್ಟರಿಗೆ, ಡ್ರಾಪ್ಸ್ ಮಾಡಿದವರಿಗೆ, ಹಂದಿಯಂಥ ಆನೆ ಕೆತ್ತಿದ ಆ ಪುಣ್ಯಾತ್ಮನಿಗೆ, ಯಾರ್ಯಾರಿಗೆ ಮನಸ್ಸಿನಲ್ಲಿ ಕೈ ಮುಗಿದೆನೋ ಲೆಕ್ಕವಿಲ್ಲ. ಆ ವಾರದ ಕೊನೆಗೆ ಮೈಸೂರಿಗೆ ಹೋದಾಗ ಡಾಕ್ಟರೂ ಅದನ್ನೇ ಹೇಳಿದರು. ಊತ ಇಳಿದಿದೆ, ಇನ್ನು ಪದರದ ಮಾತೇ ಬೇಡ ಎಂದರು. ಆದರೆ ನನಗೆ ಅವರ ಸರ್ಟಿಫಿಕೇಟು ಬೇಕಿರಲಿಲ್ಲ.

ಆ ಸೋಮವಾರ ಅಲ್ಲೇ ಕಣ್ಣೊರೆಸಿಕೊಂಡು ರೇಣುಕಪ್ರಸಾದರಿಗೆ ಫೋನ್ ಮಾಡಿದೆ. ನಾಣ್ಯ ಉಜ್ಜಿ ಆಯಿತು ಎಂದೆ.

"ಯಾವುದರಲ್ಲಿ?" ಎಂದರು, ಆಸ್ಪತ್ರೆಯಲ್ಲಿ ಕೇಳುವ ದನಿಯಲ್ಲಿ.

"ವಿಭೂತಿಯಲ್ಲಿ."

"ಅಯ್ಯೋ ಶಿವನೇ! ಏನು ಸಾರ್ ನೀವು, ಊರಿಗೆಲ್ಲ ಬುದ್ಧಿ ಹೇಳೋರು! ಈಗ ಅದಕ್ಕೆ ಕಾಲು ಭಾಗಾನೂ ಬರಲ್ಲ."

"ಬರೋದು ಬೇಡ, ನಾನು ಮಾರೋದಿಲ್ಲ. ನೀವು ಮಾತ್ರ ನಾಳೆ ಬನ್ನಿ. ಮನೇಲಿ ಹೋಳಿಗೆ ಮಾಡಿಸ್ತೀನಿ, ಊಟ ಮಾಡ್ಕೊಂಡು ಹೋಗಿ" ಎಂದೆ. ನನಗೆ ಏನೋ ಆಗಿದೆ ಎಂದುಕೊಂಡಿರಬೇಕು, ಅವರು ಫೋನ್ ಇಟ್ಟರು.

ತಿರುಗಿ ನೋಡಿದರೆ ಚನ್ನಬಸಮ್ಮನ ಮುಖ ಸಪ್ಪಗಾಗಿತ್ತು. ಫೋನಿನ ಮಾತು ಅವಳ ಕಿವಿಗೂ ಬಿದ್ದಿತ್ತು. "ಮಾರೋಕಾ ಇಟ್ಟಿದ್ದು? ನನ್ನ ಕಣ್ಣಿಗಾ?" ಎಂದಳು. ವಿನುತಾ ತಡೆಯಲಾರದೆ ಹೌದೆಂದು ತಲೆಯಾಡಿಸಿದಳು. "ನನ್ನ ಕೈಯಾರೆ ಹಾಳು ಮಾಡಿಬಿಟ್ನಲ್ಲ ರೀ" ಎಂದು ರೂಪಾಯಿಯನ್ನು ಕೆಂಡ ಹಿಡಿದವಳಂತೆ ಬಟ್ಟೆಯ ಮೇಲೆ ಇಟ್ಟುಬಿಟ್ಟಳು. ಅದುವರೆಗೆ ಇದ್ದ ಖುಷಿಯೆಲ್ಲ ಅವಳ ಮುಖದಿಂದ ಇಳಿದುಹೋಯಿತು. ನನಗೆ ಅದನ್ನು ಮಾತ್ರ ಸಹಿಸಲು ಆಗಲಿಲ್ಲ.

ಎದ್ದು ಹೋಗಿ ಬೀರು ತೆಗೆದೆ. ಪೆಟ್ಟಿಗೆಯನ್ನೇ ತಂದು ಅವಳ ಮುಂದೆ ಇಟ್ಟೆ. ಎಲ್ಲಕ್ಕಿಂತ ಕಪ್ಪಗಿದ್ದ, ಕಂಪನಿ ಸರ್ಕಾರದ ಕಾಲದ ಒಂದು ರೂಪಾಯಿ ತೆಗೆದು ಅವಳ ಅಂಗೈ ಮೇಲಿಟ್ಟು, "ಇದರಲ್ಲಿ ಏನಿದೆ ಹೇಳು" ಎಂದೆ.

"ಏನೂ ಕಾಣಲ್ಲ. ಬರೀ ಮಸಿ."

"ಹಾಗಾದ್ರೆ ಉಜ್ಜು."

"ಬೇಡಪ್ಪ, ಬೆಲೆ ಹೋಗುತ್ತೆ!"

"ಹೋಗ್ಲಿ. ನೀನು ಉಜ್ಜು. ಏನು ಕಾಣುತ್ತೆ ಅಂತ ನನಗೆ ಹೇಳು."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಎಷ್ಟು ಕಾಲದ ಮೇಲೆ ನೋಡುತ್ತಿದ್ದಳೋ. ವಿಭೂತಿಯ ಬಟ್ಟೆಯನ್ನು ನಾನೇ ಒದ್ದೆ ಮಾಡಿ ಕೊಟ್ಟೆ. ಮೊದಲ ಸಲ ಅದು ಬೆಳ್ಳಿಯ ಮೇಲೆ ಜಾರಿದಾಗ ನನ್ನ ಹಲ್ಲು ಜುಮ್ಮೆಂದದ್ದು ನಿಜ, ಸುಳ್ಳು ಯಾಕೆ ಹೇಳಲಿ. ಅವಳು ಉಜ್ಜಿದಳು, ನೋಡಿದಳು, ಮತ್ತೆ ಉಜ್ಜಿದಳು.

"ಹೆಂಗಸು ಇದಾಳೆ ರೀ. ಸಣ್ಣ ವಯಸ್ಸು. ತುರುಬು ಕಟ್ಟಿದಾಳೆ, ತುರುಬಿನ ಕೆಳಗೆ ಒಂದೆಳೆ ಕೂದಲು ಬಿಚ್ಚಿಕೊಂಡಿದೆ."

"ಹಿಂದುಗಡೆ?"

"ಸುತ್ತ ಎಲೆ. ಎಲೆ ನಡುವೆ ಕಾಳು, ಥೇಟ್ ನಮ್ಮ ಮೆಣಸಿನ ಕಾಳಿನ ಥರ."

"ಎಷ್ಟು ಕಾಳು?"

"ಇಷ್ಟು ಸಣ್ಣದನ್ನ ಎಣಿಸ್ಬೇಕಾ?"

"ಎಣಿಸು."

ಅವಳು ಕಿಟಕಿಗೆ ಸರಿದು ಕೂತು, ಒಂದೊಂದು ಕಾಳಿನ ಮೇಲೂ ಉಗುರಿನ ತುದಿ ಊರಿ, ಒಂದು, ಎರಡು ಎಂದು ಎಣಿಸತೊಡಗಿದಳು. ಉಗುರು ತಾಗಿಸಬೇಡ ಎನ್ನುವ ಮಾತು ಗಂಟಲಿನವರೆಗೆ ಬಂದಿತ್ತು, ನುಂಗಿದೆ. ಸ್ವಲ್ಪ ಮುಂದೆ ಹೋದ ಮೇಲೆ ಲೆಕ್ಕ ತಪ್ಪಿ ನಕ್ಕಳು, ಮೊದಲಿಂದ ಶುರು ಮಾಡಿದಳು. ಇನ್ನೂ ಹತ್ತು ಸಲ ತಪ್ಪಲಿ ಎಂದುಕೊಂಡು ನಾನು ಕೇಳುತ್ತಾ ಕೂತೇ ಇದ್ದೆ.